ದೃಷ್ಟಿ ಬೊಟ್ಟು ಇಟ್ಟೆವು, ದೃಷ್ಟಿ ನೋಡಿಸಲಿಲ್ಲ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಹೇಳದೆ ಬೇರೆ ಏನು ಬರೆಯೋಕೂ ಮನಸ್ಸು ಬರುತ್ತಿರಲಿಲ್ಲ. ಇವತ್ತು ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಪಕ್ಕದಲ್ಲಿಟ್ಟುಕೊಂಡೇ ಕೂತುಕೊಳ್ಳಿ.

ನನ್ನ ತಂಗಿಯ ಮಗನಿಗೆ ಮೊನ್ನೆ ಎರಡು ವರ್ಷ ತುಂಬಿತು. ಜಗಲಿಯ ಮೇಲೆ ಹರಿಯೋ ಇರುವೆಯನ್ನು ಬಗ್ಗಿ ನೋಡಿ, ಅದಕ್ಕೆ ಬೆರಳು ತೋರಿಸಿ, "ಮಾಮಾ, ಇಬ್ಬೆ" ಅಂತಾನೆ. ಬೇರೆಯವರಿಗೆ ಅದು ಮಗುವಿನ ಆಟ. ನಮಗೆ ಮಾತ್ರ ಆ ಇರುವೆ ಅವನ ಕಣ್ಣಿಗೆ ಬಿತ್ತಲ್ಲ ಅನ್ನೋದೇ ದೊಡ್ಡ ಸಂಗತಿ. ಎರಡು ವಾರ ತಡವಾಗಿದ್ದರೆ ಅವನಿಗೆ ಇರುವೆ ಇರಲಿ, ತಾಯಿಯ ಮುಖವೂ ಕಾಣುತ್ತಿರಲಿಲ್ಲವೇನೋ.

ಅವನು ಹುಟ್ಟಿದ್ದು 30ನೇ ವಾರಕ್ಕೆ. ತೂಕ 1,380 ಗ್ರಾಂ. ನಮ್ಮ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ 24 ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ಮೊದಲ ವಾರ ಉಸಿರಾಟಕ್ಕೆ ಆಮ್ಲಜನಕ ಕೊಟ್ಟಿದ್ದರು. ಅಲ್ಲಿನ ಡಾಕ್ಟರು, ನರ್ಸುಗಳು ಅವನನ್ನು ಉಳಿಸಿಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. 24ನೇ ದಿನ ಒಂದು ಕಿಲೋ 600 ಗ್ರಾಂ ಆದ ಮೇಲೆ ಮನೆಗೆ ಕಳಿಸಿದರು. ಕೈಗೆ ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿ ಕೊಟ್ಟರು, ಪೂರ್ತಿ ಇಂಗ್ಲಿಷಿನಲ್ಲಿ. ಯಾವ ಡ್ರಾಪ್ಸು ಎಷ್ಟು, ಹಾಲು ಹೇಗೆ ಕುಡಿಸಬೇಕು, ಲಸಿಕೆ ಯಾವಾಗ, ಎಲ್ಲವನ್ನೂ ಬಾಯಲ್ಲಿ ಹೇಳಿದರು. ನಾವೂ ತಲೆಯಾಡಿಸಿ, ಬಿಲ್ಲು ಕಟ್ಟಿ, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಳ್ಳಿಗೆ ಬಂದೆವು.

ಬಂದ ಕೂಡಲೇ ಅಮ್ಮ ಮಾಡಿದ ಮೊದಲ ಕೆಲಸ ಆರತಿ ಎತ್ತಿ, ಕೆನ್ನೆಗೊಂದು, ಅಂಗಾಲಿಗೊಂದು ಕಪ್ಪು ದೃಷ್ಟಿ ಬೊಟ್ಟು ಇಟ್ಟಿದ್ದು. ಆಮೇಲೆ ಬಾಣಂತಿ ಕೋಣೆಯ ಬಾಗಿಲು ಮುಚ್ಚಿತು. ತಲೆ ನಿಲ್ಲುವ ತನಕ ಮಗುವನ್ನು ಹೊಸಲು ದಾಟಿಸಬಾರದು, ಗಾಳಿ ತಗುಲಬಾರದು, ಕಂಡವರ ಕಣ್ಣು ಬೀಳಬಾರದು. ನಿಮ್ಮ ಮನೆಗಳಲ್ಲೂ ಇದೇ ತಾನೇ?

37ನೇ ದಿನ ಪಕ್ಕದ ಮನೆಯವರ ಸೊಸೆ ಮಗು ನೋಡೋಕೆ ಬಂದಳು. ಅವಳು ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು, ಹಬ್ಬಕ್ಕೆ ಬಂದಿದ್ದಳು. ಮಗುವಿನ ತೂಕ ಕೇಳಿದವಳೇ, "ಅಕ್ಕಾ, ಕಣ್ಣಿನ ಫೋಟೋ ತೆಗೆಸಿದ್ರಾ?" ಅಂದಳು. ಅಮ್ಮ ನಕ್ಕು, "ಕಣ್ಣಿಗೇನಾಗಿದೆ ಮಾರಾಯ್ತಿ, ದೀಪ ಕಂಡರೆ ಪಿಳಿಪಿಳಿ ಅಂತಾನೆ" ಅಂದರು. ಅವಳು ನಗಲಿಲ್ಲ. ಆ ನಾಲ್ಕು ಪುಟ ತರಿಸಿಕೊಂಡು ನೋಡಿದಳು. ಕೊನೇ ಪುಟದ ಕೆಳಗೆ, ಸಹಿಯ ಮೇಲೆ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು: ಆರ್‌ಓಪಿ ಪರೀಕ್ಷೆಗೆ ಸಲಹೆ ನೀಡಲಾಗಿದೆ. ಯಾವಾಗ? ಬರೆದಿರಲಿಲ್ಲ. ಎಲ್ಲಿ? ಅದೂ ಇಲ್ಲ. ಆರ್‌ಓಪಿ ಅಂದರೆ ಏನು ಅಂತ ನಮಗ್ಯಾರೂ ಹೇಳಿರಲೂ ಇಲ್ಲ, ನಾವು ಕೇಳಿರಲೂ ಇಲ್ಲ. ಡಿಗ್ರಿ ಮಾಡಿ ಬೆಂಗಳೂರಿನಲ್ಲಿ ಕೆಲಸ ಮಾಡೋ ನಾನೇ ಆ ಕಾಗದವನ್ನು ಮಡಿಸಿ ಬೀರುವಿನಲ್ಲಿಟ್ಟಿದ್ದೆ.

39ನೇ ದಿನ ಪರೀಕ್ಷೆ ಆಯಿತು. ಎರಡೂ ಕಣ್ಣಿನಲ್ಲಿ ರೋಗ ಇತ್ತು, ತಕ್ಷಣ ಚಿಕಿತ್ಸೆ ಬೇಕು ಅಂದರು. 41ನೇ ದಿನ ಲೇಸರ್ ಆಯಿತು. ಪರೀಕ್ಷೆ ನಡೆದದ್ದು ಎಲ್ಲಿ ಗೊತ್ತಾ? ಮಗು 24 ದಿನ ಮಲಗಿದ್ದ ಆಸ್ಪತ್ರೆಯಿಂದ ಎರಡೇ ಕಿಲೋಮೀಟರ್ ದೂರದ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿಗೆ ಕ್ಯಾಮೆರಾ ಹೊತ್ತ ತಂಡವೊಂದು ವಾರಕ್ಕೊಮ್ಮೆ ಬರುತ್ತಿತ್ತು. ನಮ್ಮ ಪುಟ್ಟ ಪೆಟ್ಟಿಗೆಯಲ್ಲಿದ್ದಾಗಲೂ ಬರುತ್ತಿತ್ತು.

ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರೋದು ಇಷ್ಟೇ: ಕ್ಯಾಮೆರಾ ಊರಿಗೆ ಬಂದಿದೆ, ತಾರೀಕು ಮಾತ್ರ ತಾಯಿಯ ಕೈಗೆ ಬಂದಿಲ್ಲ.

*

ಈ ಆರ್‌ಓಪಿ ಅಂದರೆ ಏನು ಅಂತ ನನಗೆ ಅರ್ಥವಾದ ಮಟ್ಟಿಗೆ ಹೇಳ್ತೀನಿ. ಪೂರ್ತಿ ಹೆಸರು ರೆಟಿನೋಪಥಿ ಆಫ್ ಪ್ರಿಮೆಚ್ಯೂರಿಟಿ. ದಿನ ತುಂಬದೆ ಹುಟ್ಟಿದ ಮಗುವಿನ ರೆಟಿನಾದಲ್ಲಿ, ಅಂದರೆ ಅಕ್ಷಿಪಟಲದಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ರೋಗ.

ಗದ್ದೆಗೆ ನೀರು ಹಾಯಿಸೋ ಕಾಲುವೆ ನೆನಪಿಸಿಕೊಳ್ಳಿ. ಗರ್ಭದಲ್ಲಿ ಸುಮಾರು 16ನೇ ವಾರಕ್ಕೆ ಕಣ್ಣಿನ ನರದ ಬುಡದಿಂದ ರಕ್ತನಾಳಗಳು ಹೊರಡುತ್ತವೆ, ತೂಬಿನಿಂದ ಕಾಲುವೆ ಹೊರಟ ಹಾಗೆ. ದಿನಕ್ಕಿಷ್ಟು ಅಂತ ಮುಂದುವರಿದು, ಮೂಗಿನ ಕಡೆಯ ಅಂಚನ್ನು ಸುಮಾರು 36ನೇ ವಾರಕ್ಕೆ, ಕಿವಿಯ ಕಡೆಯ ಅಂಚನ್ನು ಸುಮಾರು 40ನೇ ವಾರಕ್ಕೆ ಮುಟ್ಟುತ್ತವೆ. ಮಗು 30ನೇ ವಾರಕ್ಕೇ ಹುಟ್ಟಿಬಿಟ್ಟರೆ ಕಾಲುವೆ ಅರ್ಧದಲ್ಲಿರುತ್ತೆ. ಗರ್ಭದ ಒಳಗಿಗಿಂತ ಹೊರಗೆ ಆಮ್ಲಜನಕ ಜಾಸ್ತಿ, ಅದರ ಮೇಲೆ ನಾವು ಕೊಡೋ ಆಮ್ಲಜನಕ ಬೇರೆ. ರಕ್ತನಾಳಗಳಿಗೆ ಇನ್ನು ಬೆಳೆಯೋ ಅಗತ್ಯ ಕಾಣೋದಿಲ್ಲ, ಕೆಲಸ ನಿಂತುಬಿಡುತ್ತೆ.

ಆದರೆ ರೆಟಿನಾ ಬೆಳೀತಾ ಹೋಗುತ್ತೆ. ವಾರಗಳು ಕಳೆದ ಹಾಗೆ ಅಂಚಿನ ಭಾಗಕ್ಕೆ ಹಸಿವು ಶುರು. ಕಾಲುವೆಯ ಕೊನೇ ಭಾಗದ ರೈತರು ನೀರಿಗಾಗಿ ಕೂಗೋ ಹಾಗೆ ಅದು ಕೂಗುತ್ತೆ. ಆ ಕೂಗಿನ ಹೆಸರು ವಿಇಜಿಎಫ್, ರಕ್ತನಾಳ ಬೆಳೆಸು ಅಂತ ಹೇಳೋ ಒಂದು ಪ್ರೋಟೀನು. ಕೂಗು ಅತಿಯಾದಾಗ ಹೊಸ ನಾಳಗಳು ಹುಟ್ಟುತ್ತವೆ, ಆದರೆ ದಾರಿ ತಪ್ಪಿ. ರೆಟಿನಾದ ಮೇಲೆ ಹರಡೋದು ಬಿಟ್ಟು ಕಣ್ಣಿನೊಳಗಿನ ಲೋಳೆಯ ಕಡೆಗೆ ಎದ್ದು ನಿಲ್ಲುತ್ತವೆ. ಅವು ಬಲಹೀನ, ಸೋರುತ್ತವೆ. ಆಮೇಲೆ ಕಲೆಗಟ್ಟಿ, ಕುಗ್ಗಿ, ರೆಟಿನಾವನ್ನೇ ಗೋಡೆಯಿಂದ ಎಳೆದು ಕಿತ್ತುಬಿಡುತ್ತವೆ. ವೈದ್ಯರು ಇದನ್ನು 1ರಿಂದ 5ರವರೆಗಿನ ಹಂತಗಳಲ್ಲಿ ಗುರುತಿಸುತ್ತಾರೆ. 5ನೇ ಹಂತ ಅಂದರೆ ರೆಟಿನಾ ಪೂರ್ತಿ ಕಳಚಿಕೊಂಡದ್ದು.

ಎಲ್ಲ ಮಕ್ಕಳಿಗೂ ಹೀಗಾಗೋದಿಲ್ಲ. ಎಷ್ಟೋ ಮಕ್ಕಳಲ್ಲಿ ರೋಗ ಸ್ವಲ್ಪ ಕಾಣಿಸಿಕೊಂಡು ತಾನಾಗಿಯೇ ಇಳಿದುಹೋಗುತ್ತೆ. ಯಾರಲ್ಲಿ ಇಳಿಯುತ್ತೆ, ಯಾರಲ್ಲಿ ಏರುತ್ತೆ ಅಂತ ಹೊರಗಿನಿಂದ ಹೇಳೋಕೆ ಆಗಲ್ಲ ಅನ್ನೋದೇ ಕಷ್ಟ. ಕಣ್ಣು ಕೆಂಪಾಗಲ್ಲ, ನೀರು ಸುರಿಯಲ್ಲ, ಮಗು ಅಳೋದೂ ಇಲ್ಲ. ಅಮ್ಮ ಹೇಳಿದ ಹಾಗೆ ದೀಪ ಕಂಡರೆ ಪಿಳಿಪಿಳಿ ಅನ್ನುತ್ತೆ. ಹೊರಗಿನವರಿಗೆ ಕಾಣೋದು ಪಾಪೆ ಬೆಳ್ಳಗಾದಾಗ. ಆ ಹೊತ್ತಿಗೆ ಮಾಡೋಕೆ ಹೆಚ್ಚೇನೂ ಉಳಿದಿರೋದಿಲ್ಲ.

*

ಹಾಗಾಗಿ ಒಳಗೆ ನೋಡಲೇಬೇಕು. ಹೇಗೆ?

ಕಣ್ಣಿನ ಒಳಗೆ ನೋಡೋ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ಪ್ರಕಟಿಸಿದ್ದ. ಇವತ್ತಿಗೂ ತಜ್ಞರು ತಲೆಗೆ ದೀಪದ ಪಟ್ಟಿ ಕಟ್ಟಿಕೊಂಡು, ಕೈಯಲ್ಲೊಂದು ಮಸೂರ ಹಿಡಿದು ಮಗುವಿನ ರೆಟಿನಾ ನೋಡುತ್ತಾರೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಕಂಡದ್ದು ಆ ಒಬ್ಬರಿಗೆ ಮಾತ್ರ. ಅವರು ಅದನ್ನು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದಿಡಬೇಕು. ಮುಂದಿನ ವಾರ ಬೇರೆ ಡಾಕ್ಟರು ಬಂದರೆ ಆ ಚಿತ್ರವನ್ನೇ ನಂಬಬೇಕು.

ಈಗಿನ ಕ್ಯಾಮೆರಾ ಬೇರೆ. ನಾನು ಕಣ್ಣಾರೆ ನೋಡಿದ್ದನ್ನು ಹೇಳ್ತೀನಿ. ಒಂದು ಗಂಟೆ ಮುಂಚಿನಿಂದ ಹಾಲು ಕೊಡಬೇಡಿ ಅಂದರು. ಪಾಪೆ ಹಿಗ್ಗೋಕೆ ಡ್ರಾಪ್ಸ್ ಹಾಕಿದರು, ಆಮೇಲೆ ಮರಗಟ್ಟಿಸೋ ಡ್ರಾಪ್ಸ್. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ರೆಪ್ಪೆ ಮುಚ್ಚದ ಹಾಗೆ ಪುಟ್ಟ ತಂತಿಯ ಕ್ಲಿಪ್ಪೊಂದನ್ನು ಇಟ್ಟಾಗ ತಂಗಿ ಮುಖ ತಿರುಗಿಸಿಕೊಂಡಳು. ಕಣ್ಣಿನ ಮೇಲೆ ಅಂಟಂಟಾದ ಜೆಲ್ ಹಾಕಿ, ಟಾರ್ಚಿನಂಥ ಕ್ಯಾಮೆರಾವನ್ನು ಮೆತ್ತಗೆ ತಾಗಿಸಿದರು. ನಡುವೆ, ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಅಂತ ಒಂದೊಂದೇ ದಿಕ್ಕಿಗೆ ಚಿತ್ರ. ಮಗು ಜೋರಾಗಿ ಅತ್ತಿತು, ಸುಳ್ಳು ಹೇಳಲ್ಲ. ಕೆಲವೇ ನಿಮಿಷ. ಕ್ಲಿಪ್ ತೆಗೆದು ಅಮ್ಮನ ಮಡಿಲಿಗೆ ಹಾಕಿದ ಮೇಲೆ ಸುಮ್ಮನಾಯಿತು.

ತೆರೆಯ ಮೇಲೆ ಚಿತ್ರ ಬಂತು. ಒಂದು ಕಡೆ ತಿಳಿ ಹಳದಿಯ ಪುಟ್ಟ ಬಟ್ಟಲು, ಅದರಿಂದ ಕೆಂಪು ಬೇರುಗಳು ಹೊರಟಿವೆ. ನೇರ ಇರಬೇಕಾದವು ಹಾವಿನ ಹಾಗೆ ಸುರುಳಿ ಸುರುಳಿ. ಸ್ವಲ್ಪ ದೂರ ಹೋಗಿ ಒಂದು ದಿಬ್ಬದ ಗೆರೆ, ಅಲ್ಲಿ ಬೇರುಗಳೆಲ್ಲ ನಿಂತಿವೆ. ಆ ಗೆರೆಯಾಚೆ ಬರೀ ಬೂದು ಬಣ್ಣ, ಒಂದು ನಾಳವೂ ಇಲ್ಲ. ಕ್ಯಾಮೆರಾ ಹಿಡಿದಿದ್ದ ಹುಡುಗ ಡಾಕ್ಟರಲ್ಲ, ತರಬೇತಿ ಪಡೆದ ತಂತ್ರಜ್ಞ. ತೆರೆಯ ಮೇಲೆ ಬೆರಳಿಟ್ಟು ಅಚ್ಚ ಕನ್ನಡದಲ್ಲಿ ಹೇಳಿದ: "ನೋಡೀಮ್ಮಾ, ರಕ್ತ ಇಲ್ಲಿವರೆಗೆ ಮಾತ್ರ ಬಂದಿದೆ. ಇಲ್ಲಿಂದಾಚೆ ಬಂದಿಲ್ಲ."

ಅಲ್ಲಿಯವರೆಗೆ "ಇಷ್ಟು ಚಿಕ್ಕ ಮಗುವಿಗೆ ಲೇಸರಾ? ಬೇಡವೇ ಬೇಡ" ಅನ್ನುತ್ತಿದ್ದ ಅಮ್ಮ ಆ ಚಿತ್ರ ನೋಡಿದ ಮೇಲೆ ಒಂದು ಮಾತೂ ಆಡಲಿಲ್ಲ. ಸಹಿ ಹಾಕು ಅಂತ ತಂಗಿಗೆ ಅವರೇ ಹೇಳಿದರು. ಹತ್ತು ಜನ ಡಾಕ್ಟರು ಬಾಯಲ್ಲಿ ಹೇಳಿದ್ದರೂ ಅವರು ಒಪ್ಪುತ್ತಿದ್ದರೋ ಇಲ್ಲವೋ. ರೋಗವನ್ನು ಡಾಕ್ಟರಿಗೆ ತೋರಿಸೋದರ ಜೊತೆಗೆ ಮನೆಯವರಿಗೂ ತೋರಿಸುತ್ತೆ ಅನ್ನೋದು ಚಿತ್ರದ ದೊಡ್ಡ ಗುಣ ಅಂತ ನನಗೆ ಅವತ್ತು ಅನ್ನಿಸಿತು.

ಇನ್ನೊಂದು ಗುಣ ಆಮೇಲೆ ಗೊತ್ತಾಯಿತು. ಈ ರೋಗ ಬೆಳವಣಿಗೆಯ ರೋಗ. ಬೆಳವಣಿಗೆ ತಿಳಿಯಬೇಕಾದರೆ ಹೋದ ವಾರದ್ದನ್ನೂ ಈ ವಾರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಚಿತ್ರ ಇದ್ದರೆ ಅದು ಸುಲಭ. ಲೇಸರ್ ಆದ ಮೇಲೆ ಪ್ರತಿ ಸಲ ಹೋದಾಗಲೂ ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ತೋರಿಸುತ್ತಿದ್ದರು. ಸುರುಳಿಗಳು ನೆಟ್ಟಗಾಗುತ್ತಾ ಬಂದದ್ದನ್ನು ನಾವೇ ಕಂಡೆವು.

ಲೇಸರ್ ಬಗ್ಗೆಯೂ ಒಂದು ಮಾತು. ಅದು ಕೆಟ್ಟ ನಾಳಗಳನ್ನು ಸುಡೋದಲ್ಲ. ಹಸಿವಿನಿಂದ ಕೂಗುತ್ತಿರೋ ಆ ಬೂದು ಅಂಚನ್ನೇ ಸುಟ್ಟು ಕೂಗು ನಿಲ್ಲಿಸೋದು. ಅಂಚನ್ನು ಕೊಟ್ಟು ನಡುವಿನ ದೃಷ್ಟಿ ಉಳಿಸಿಕೊಳ್ಳೋ ವ್ಯಾಪಾರ. ಈಗ ವಿಇಜಿಎಫ್ ಅನ್ನು ಅಡಗಿಸೋ ಚುಚ್ಚುಮದ್ದೂ ಇದೆ. ಆದರೆ ಅದರಲ್ಲಿ ರೋಗ ತಿಂಗಳುಗಳ ನಂತರ ಮತ್ತೆ ತಲೆ ಎತ್ತಬಹುದು, ಹಾಗಾಗಿ ಹೆಚ್ಚು ಕಾಲ ಪರೀಕ್ಷೆಗೆ ಬರುತ್ತಲೇ ಇರಬೇಕು. ಯಾವುದೇ ಆಗಲಿ, ಚಿಕಿತ್ಸೆ ಬೇಕು ಅಂತ ಗೊತ್ತಾದ ಮೇಲೆ ಎರಡು ಮೂರು ದಿನದೊಳಗೆ ಆಗಬೇಕು ಅನ್ನೋದು ನಿಯಮ.

*

ಈ ರೋಗದ ಚರಿತ್ರೆ ಓದಿದಾಗ ನನಗೆ ನಿದ್ದೆ ಬರಲಿಲ್ಲ. 1942ರಲ್ಲಿ ಅಮೆರಿಕದ ಬಾಸ್ಟನ್ನಿನ ನೇತ್ರವೈದ್ಯ ಥಿಯೋಡರ್ ಟೆರ್ರಿ ಇದನ್ನು ಮೊದಲು ವರದಿ ಮಾಡಿದ. ಆ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10 ಸಾವಿರ ಮಕ್ಕಳು ಕುರುಡಾದರು ಅಂತ ಲೆಕ್ಕ ಇದೆ. ಹೆಚ್ಚಿನವರು ಒಳ್ಳೊಳ್ಳೆ ಆಸ್ಪತ್ರೆಗಳಲ್ಲಿ ಹುಟ್ಟಿದವರು! 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಕೂಡ ಇದೇ ರೋಗದಿಂದ ಕಣ್ಣು ಕಳೆದುಕೊಂಡವರು. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಪೆಟ್ಟಿಗೆಯೊಳಗೆ ಧಾರಾಳವಾಗಿ ಬಿಡುತ್ತಿದ್ದ ಆಮ್ಲಜನಕದ ಕಡೆ ಬೆರಳು ತೋರಿಸಿದರು. ಅಮೆರಿಕದ ದೊಡ್ಡ ಪ್ರಯೋಗವೊಂದು 1954ರಲ್ಲಿ ಅದನ್ನು ಖಚಿತಪಡಿಸಿತು. ಸರಿ, ಆಮ್ಲಜನಕ ಬಿಗಿ ಮಾಡಿದರು. ಕುರುಡುತನ ಇಳಿಯಿತು, ಆದರೆ ಉಸಿರು ಸಾಲದೆ ಸತ್ತ ಮಕ್ಕಳ ಸಂಖ್ಯೆ ಏರಿತು.

ಅಂದರೆ ಆಮ್ಲಜನಕ ಕೊಟ್ಟರೆ ಕಣ್ಣಿಗೆ ಕಷ್ಟ, ಕೊಡದಿದ್ದರೆ ಜೀವಕ್ಕೇ ಕಷ್ಟ. ಅದಕ್ಕೇ ಇವತ್ತು ಆಮ್ಲಜನಕವನ್ನು ಅಳೆದು ಕೊಡ್ತಾರೆ, ಜೊತೆಗೆ ಕಣ್ಣನ್ನು ಹೊತ್ತಿಗೆ ಸರಿಯಾಗಿ ನೋಡ್ತಾರೆ. ಎರಡೂ ಸೇರಿದರೇ ಚಿಕಿತ್ಸೆ ಪೂರ್ತಿ.

ನಮ್ಮ ದೇಶದಲ್ಲಿ ಇದು ದೊಡ್ಡದಾಗಿರೋದು ಈಚೆಗೆ. ಕಾರಣ ಒಳ್ಳೆಯದೇ: ಮೊದಲಾದರೆ ಉಳಿಯದೇ ಇದ್ದ ಮಕ್ಕಳು ಈಗ ಉಳಿಯುತ್ತಿದ್ದಾರೆ. ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶು ಘಟಕಗಳು ಬಂದಿವೆ, ತಾಲ್ಲೂಕು ಮಟ್ಟದಲ್ಲಿ ನರ್ಸಿಂಗ್ ಹೋಮ್‌ಗಳು ಪೆಟ್ಟಿಗೆ ಇಟ್ಟುಕೊಂಡಿವೆ. 2020ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟುತ್ತಾರೆ. ಇನ್ನೊಂದು ವಿಷಯ ಗಮನಿಸಿ. ಅಮೆರಿಕದಲ್ಲಿ ಮುಖ್ಯವಾಗಿ 1,500 ಗ್ರಾಂ ಒಳಗಿನ ಅಥವಾ 30 ವಾರದೊಳಗಿನ ಮಕ್ಕಳ ಕಣ್ಣು ನೋಡಿದರೆ ಸಾಕು ಅಂತಾರೆ. ನಮ್ಮಲ್ಲಿ ಅದಕ್ಕಿಂತ ದಪ್ಪಗಿರೋ ಮಕ್ಕಳಿಗೂ ರೋಗ ಬರುತ್ತೆ. ಹಾಗಾಗಿ ಭಾರತದ ನಿಯಮ 2,000 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಮುಂಚೆ. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ. ತೀರಾ ಚಿಕ್ಕವು, ಅಂದರೆ 1,200 ಗ್ರಾಂ ಅಥವಾ 28 ವಾರದೊಳಗಿನವು ಆದರೆ, ಎರಡು ಮೂರು ವಾರಕ್ಕೇ.

*

ಕರ್ನಾಟಕದವರು ಹೆಮ್ಮೆ ಪಡಬೇಕಾದ ವಿಷಯವೂ ಇದರಲ್ಲಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ತಂಡ 2008ರಲ್ಲಿ ಕಿಡ್‌ರಾಪ್ ಅನ್ನೋ ಕಾರ್ಯಕ್ರಮ ಶುರು ಮಾಡಿದರು. ತಜ್ಞರು ಬೆರಳೆಣಿಕೆಯಷ್ಟು, ಮಕ್ಕಳು ಹಳ್ಳಿಗಳಲ್ಲಿ. ಹಾಗಾಗಿ ತಜ್ಞರ ಬದಲು ಕ್ಯಾಮೆರಾವನ್ನು ಗಾಡಿಯಲ್ಲಿ ಹಾಕಿ ಜಿಲ್ಲೆಗಳಿಗೆ ಕಳಿಸಿದರು. ಜೊತೆಗೆ ತರಬೇತಿ ಪಡೆದ ತಂತ್ರಜ್ಞರು. ಅವರು ಚಿತ್ರ ತೆಗೆದು, ಅಲ್ಲೇ ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸುತ್ತಾರೆ. ಕೆಂಪು ಅಂದರೆ ತುರ್ತು, ಕಿತ್ತಳೆ ಅಂದರೆ ಮತ್ತೆ ಬನ್ನಿ, ಹಸಿರು ಅಂದರೆ ಇನ್ನು ಬರಬೇಕಿಲ್ಲ. ಅದೇ ಚಿತ್ರವನ್ನು ಬೆಂಗಳೂರಿನ ತಜ್ಞರು ತಮ್ಮ ಫೋನಿನಲ್ಲೇ ನೋಡುತ್ತಾರೆ. ತಂತ್ರಜ್ಞರ ತೀರ್ಮಾನಕ್ಕೂ ತಜ್ಞರ ತೀರ್ಮಾನಕ್ಕೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಹೊಂದಿಕೆಯಾಗಿದೆ ಅಂತ ಅವರು ಪ್ರಕಟಿಸಿದ್ದಾರೆ. ಮೊದಲು ಇದಕ್ಕೆ ಹೊರದೇಶದ ದುಬಾರಿ ರೆಟ್‌ಕ್ಯಾಮ್ ಬೇಕಿತ್ತು. ಆಮೇಲೆ ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ '3ನೇತ್ರ ನಿಯೋ' ಅನ್ನೋ ಕ್ಯಾಮೆರಾ ಮಾಡಿತು.

"ಡಾಕ್ಟರಲ್ಲದವರು ಫೋಟೋ ತೆಗೆದರೆ ಅದು ಪರೀಕ್ಷೆಯಾ?" ಅಂತ ಕೇಳೋರಿದ್ದಾರೆ. ನನ್ನ ಪರಿಚಯದ ಕಣ್ಣಿನ ಡಾಕ್ಟರೊಬ್ಬರೂ ಇದನ್ನೇ ಕೇಳಿದರು. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಕ್ಯಾಮೆರಾ ಒಂದು ನೋಟಕ್ಕೆ ಹಿಡಿಯೋದು ಸುಮಾರು 130 ಡಿಗ್ರಿ. ತುತ್ತತುದಿಯ ಅಂಚು ಕೆಲವೊಮ್ಮೆ ಅದಕ್ಕೆ ಸಿಕ್ಕೋದಿಲ್ಲ, ಮಬ್ಬು ಚಿತ್ರದಿಂದ ತಪ್ಪು ತೀರ್ಮಾನವೂ ಆಗಬಹುದು. ಅನುಮಾನ ಇದ್ದಾಗ ತಜ್ಞರೇ ನೋಡಬೇಕು. ಆದರೆ ನಮ್ಮ ಹಳ್ಳಿಯ ಮಗುವಿನ ಮುಂದೆ ಇರೋ ಆಯ್ಕೆ ತಜ್ಞರಾ, ಫೋಟೋನಾ ಅನ್ನೋದಲ್ಲ ಸ್ವಾಮೀ. ಫೋಟೋನಾ, ಏನೂ ಇಲ್ಲವಾ ಅನ್ನೋದು. ಅದರಲ್ಲಿ ನಾನು ಯಾವ ಕಡೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವರು ಕಂಪ್ಯೂಟರೇ ಚಿತ್ರ ನೋಡಿ ಹೇಳಿಬಿಡುತ್ತೆ, ಇನ್ನೇನು ಚಿಂತೆ ಅಂತಾರೆ. ನಿಜ, ನಾಳಗಳು ಎಷ್ಟು ಊದಿಕೊಂಡಿವೆ, ಎಷ್ಟು ಸುರುಳಿಯಾಗಿವೆ ಅನ್ನೋದರಲ್ಲಿ ತಜ್ಞರ ನಡುವೆಯೇ ಭಿನ್ನಾಭಿಪ್ರಾಯ ಬರುತ್ತೆ. ಅದನ್ನು ಕಂಪ್ಯೂಟರ್ ತಜ್ಞರಷ್ಟೇ ಚೆನ್ನಾಗಿ ಗುರುತಿಸಬಲ್ಲದು ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಒಳ್ಳೇದೇ. ಆದರೆ ನಮ್ಮ ಪುಟ್ಟನ ವಿಷಯದಲ್ಲಿ ಚಿತ್ರ ನೋಡಿದವರು ತಪ್ಪು ಮಾಡಲಿಲ್ಲ. ಚಿತ್ರವೇ ಇರಲಿಲ್ಲ. ತೆಗೆಯದ ಫೋಟೋವನ್ನು ಯಾವ ಕಂಪ್ಯೂಟರೂ ಓದಲಾರದು.

*

ಹಾಗಾದರೆ ತಪ್ಪಿದ್ದೆಲ್ಲಿ? ನಾನು ಇದನ್ನು ಬಹಳ ಯೋಚಿಸಿದ್ದೀನಿ.

ಮೊದಲನೆಯದು ಆ ಕಾಗದ. "ಸಲಹೆ ನೀಡಲಾಗಿದೆ" ಅಂತ ಬರೆದವರ ಜವಾಬ್ದಾರಿ ಮುಗಿಯಿತು. ಅದು ತಾಯಿಗೆ ತಲುಪಿತಾ ಅಂತ ಯಾರು ನೋಡಬೇಕು? ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ, 29ನೇ ವಾರಕ್ಕೆ ಹುಟ್ಟಿದ ಹೆಣ್ಣುಮಗುವೊಂದರ ಕಣ್ಣು ಹೀಗೆಯೇ ಹೋಯಿತು. ಪರೀಕ್ಷೆಯೂ ಆಗಲಿಲ್ಲ, ತಂದೆ ತಾಯಿಗೆ ಹೇಳಲೂ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶ ಕೊಟ್ಟಿತು. ಹುಡುಗಿಗೆ ಆಗ ಹದಿನೆಂಟು ವರ್ಷ. ದುಡ್ಡು ಬಂತು, ಬೆಳಕು ಬರಲಿಲ್ಲ. ಈ ತೀರ್ಪಿನ ಮೇಲೆ ಆಸ್ಪತ್ರೆಗಳು ಕಾಗದದಲ್ಲಿ ಒಂದು ಸಾಲು ಸೇರಿಸೋದನ್ನು ರೂಢಿ ಮಾಡಿಕೊಂಡು, ಅಷ್ಟಕ್ಕೇ ಸುಮ್ಮನಾದರೆ ಏನು ಬಂತು? ಆ ಸಾಲು ಆಸ್ಪತ್ರೆಯನ್ನು ಕಾಪಾಡುತ್ತೆ, ಮಗುವನ್ನಲ್ಲ.

ಎರಡನೆಯದು ನಮ್ಮ ಬಾಣಂತನ. ನಾನು ಅದನ್ನು ಹೀಗಳೆಯಲಾರೆ. ಬಾಣಂತಿಗೆ ವಿಶ್ರಾಂತಿ ಕೊಟ್ಟು, ಎಳೆಗೂಸನ್ನು ಸೋಂಕಿನಿಂದ ದೂರ ಇಟ್ಟ ಪದ್ಧತಿ ಅದು, ಅಜ್ಜಿಯಂದಿರು ದಡ್ಡರಲ್ಲ. ಆದರೆ ದಿನ ತುಂಬದೆ ಹುಟ್ಟಿದ ಒಂದೂವರೆ ಕಿಲೋದ ಮಕ್ಕಳು ಆ ಅಜ್ಜಿಯರ ಕಾಲದಲ್ಲಿ ಉಳಿಯುತ್ತಿದ್ದುದು ಕಡಿಮೆ. ಹಾಗಾಗಿ ಅಂಥ ಮಕ್ಕಳಿಗೆ ಅಂತ ಶಾಸ್ತ್ರವೇ ಹುಟ್ಟಲಿಲ್ಲ. ಹೊಸಲು ದಾಟಿಸಬಾರದ ಆ ದಿನಗಳ ನಡುವೆಯೇ ಕಣ್ಣು ನೋಡಿಸಬೇಕಾದ 30ನೇ ದಿನ ಬಂದು ಕೂತಿದೆ. ಹನ್ನೊಂದನೇ ದಿನ ಪುಣ್ಯಾಹ, ನಾಮಕರಣ ಅಂತ ಲೆಕ್ಕ ಇಟ್ಟುಕೊಳ್ಳೋ ನಾವು, ಇಂಥ ಮಕ್ಕಳಿಗೆ ಮೂವತ್ತರೊಳಗೆ ಕಣ್ಣು ಅಂತ ಒಂದು ಶಾಸ್ತ್ರ ಸೇರಿಸಿಕೊಂಡರೆ ಯಾವ ದೇವರೂ ಮುನಿಯೋದಿಲ್ಲ.

ಮೂರನೆಯದು ಗಂಡನ ಮನೆ, ತವರು ಮನೆಯ ನಡುವಿನ ಕಂದಕ. ಸರ್ಕಾರದ ನಿಯಮದ ಪ್ರಕಾರ ಆಶಾ ಕಾರ್ಯಕರ್ತೆ ಹೊಸ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆ 28ನೇ ದಿನ ನೋಡಿ, ಹೇಳಿ ಮಾಡಿಸಿದ ಹಾಗಿದೆ! ಆದರೆ ತಂಗಿಯ ತಾಯಿ ಕಾರ್ಡ್ ಆಗಿದ್ದು ಗಂಡನ ಊರಲ್ಲಿ. ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಿ. ಬಾಣಂತನ ಇನ್ನೊಂದು ತಾಲ್ಲೂಕಿನ ತವರಿನಲ್ಲಿ. ನಮ್ಮೂರಿನ ಆಶಾಗೆ ಮಗು ಬಂದ ಸುದ್ದಿಯೇ ಗೊತ್ತಿರಲಿಲ್ಲ. ಅವಳ ತಪ್ಪು ಅಂತ ಹೇಗೆ ಹೇಳಲಿ?

ನನ್ನ ಬೇಡಿಕೆ ಚಿಕ್ಕದು. 2,000 ಗ್ರಾಂ ಒಳಗಿನ ಅಥವಾ 34 ವಾರಕ್ಕೆ ಮುಂಚಿನ ಯಾವ ಮಗುವೂ ಎರಡರಲ್ಲೊಂದು ಇಲ್ಲದೆ ಆಸ್ಪತ್ರೆಯಿಂದ ಹೊರಗೆ ಹೋಗಬಾರದು. ಒಂದೋ ಕಣ್ಣಿನ ಚಿತ್ರ ತೆಗೆದಿರಬೇಕು. ಇಲ್ಲವಾದರೆ ಯಾವ ದಿನ, ಯಾವ ಆಸ್ಪತ್ರೆ, ಯಾವ ಫೋನ್ ನಂಬರು ಅನ್ನೋ ಮೂರು ಸಾಲು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮೊದಲ ಪುಟದಲ್ಲಿ ಇರಬೇಕು. ನರ್ಸು ಅದನ್ನು ಅಜ್ಜಿಗೂ ಕೇಳೋ ಹಾಗೆ ಓದಿ ಹೇಳಬೇಕು. ಅದೇ ತಾರೀಕು ತಾಯಿ ಕಾರ್ಡಿನಲ್ಲೂ ಇರಬೇಕು, ಬಾಣಂತನ ನಡೆಯೋ ಊರಿನ ಆಶಾಗೂ ಹೋಗಬೇಕು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ 2013ರಿಂದಲೇ ಈ ರೋಗದ ಹೆಸರಿದೆ, ಹಾಗಾಗಿ ಹೊಸ ಯೋಜನೆಯೇನೂ ಬೇಕಾಗಿಲ್ಲ.

"ನರ್ಸುಗಳಿಗೆ ಈಗಲೇ ಕೆಲಸ ಹೊರಲಾರದಷ್ಟಿದೆ, ಇದೂ ಬೇರೆಯಾ?" ಅನ್ನಬಹುದು. ಒಪ್ಪುತ್ತೀನಿ. ಆದರೆ 24 ದಿನ ಹಗಲು ರಾತ್ರಿ ಒಂದು ಜೀವ ಉಳಿಸೋಕೆ ಅವರು ಪಟ್ಟ ಪಾಡಿನ ಮುಂದೆ ಎರಡು ನಿಮಿಷದ ಮಾತು ಎಷ್ಟು? ಆ ಎರಡು ನಿಮಿಷ ಇಲ್ಲದಿದ್ದರೆ ಅಷ್ಟೂ ದಿನದ ಶ್ರಮ ಅರ್ಧಕ್ಕೆ ನಿಂತ ಕಾಲುವೆಯೇ.

*

ಕೊನೆಯದಾಗಿ ನಿಮ್ಮ ಹತ್ತಿರ. ಇಲ್ಲಿ ಓದೋರಲ್ಲಿ ಹೆಚ್ಚಿನವರು ಊರು ಬಿಟ್ಟು ಬೆಂಗಳೂರಿನಲ್ಲೋ, ಹೊರದೇಶದಲ್ಲೋ ಇದ್ದೀರಿ. ಊರಿಂದ ಫೋನು ಬರುತ್ತೆ: "ಅವಳಿಗೆ ಎಂಟು ತಿಂಗಳಿಗೇ ಹೆರಿಗೆ ಆಯ್ತಂತೆ, ಮಗು ಪೆಟ್ಟಿಗೇಲಿದೆಯಂತೆ." ನಾವು ಅಯ್ಯೋ ಪಾಪ ಅಂತೀವಿ, ದುಡ್ಡು ಬೇಕಾ ಅಂತ ಕೇಳ್ತೀವಿ. ಮುಂದಿನ ಸಲ ಇನ್ನೊಂದು ಪ್ರಶ್ನೆ ಸೇರಿಸಿ: "ಮಗು ಹುಟ್ಟಿ ಎಷ್ಟು ದಿನ ಆಯ್ತು? ಕಣ್ಣಿನ ಒಳಗೆ ನೋಡಿಸಿದ್ರಾ?" ನಮ್ಮ ಪುಟ್ಟನ ಕಣ್ಣು ಉಳಿದದ್ದು ಹಬ್ಬಕ್ಕೆ ಬಂದ ಪಕ್ಕದ ಮನೆಯ ಹುಡುಗಿ ಈ ಪ್ರಶ್ನೆ ಕೇಳಿದ್ದರಿಂದ. ಅವಳಿಗೆ ರಜೆ ಸಿಕ್ಕದೇ ಹೋಗಿದ್ದರೆ? ಆ ಯೋಚನೆ ಬಂದಾಗಲೆಲ್ಲ ನನಗೆ ಇವತ್ತಿಗೂ ಕೈ ತಣ್ಣಗಾಗುತ್ತೆ. ಮಗುವಿನ ದೃಷ್ಟಿ ಒಬ್ಬರ ರಜೆಯ ಮೇಲೆ ನಿಲ್ಲಬಾರದು.

ನಿಮ್ಮ ಕಡೆ ಹೇಗಿದೆ? ನಿಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆ ಎಲ್ಲಿ, ಯಾವ ವಾರ ಆಗುತ್ತೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕೊನೇ ಕೊಸರು: ಅಮ್ಮ ಈಗಲೂ ಪುಟ್ಟನಿಗೆ ದೃಷ್ಟಿ ಬೊಟ್ಟು ಇಡುತ್ತಾರೆ. ಇಡಲಿ ಬಿಡಿ. ಆದರೆ ಊರಲ್ಲಿ ಯಾರದೇ ಮನೆಗೆ ಚಿಕ್ಕ ಮಗು ಬಂದರೂ, ಆರತಿ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, "ತೂಕ ಎಷ್ಟಿತ್ತು? ಫೋಟೋ ತೆಗೆಸಿದ್ರಾ?" ಅಂತ ಕೇಳೋದನ್ನೂ ಕಲಿತಿದ್ದಾರೆ :)